ಉದ್ಘಾಟನೆಯ ದಿನಾಂಕ ಮೊದಲೋ, ಛಾವಣಿ ಮೊದಲೋ?

ಏಪ್ರಿಲ್ ಎರಡನೆಯ ವಾರದಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಬೀಗ ಬೀಳುತ್ತದೆ. ಮರುದಿನವೇ ಹಲವು ಶಾಲೆಗಳ ಅಂಗಳದಲ್ಲಿ ಜಲ್ಲಿ, ಮರಳು, ಸಿಮೆಂಟಿನ ರಾಶಿ ಕಾಣಿಸಿಕೊಳ್ಳುತ್ತದೆ. ವರ್ಷವಿಡೀ ಸೋರಿದ ಛಾವಣಿ, ಬಿರುಕು ಬಿಟ್ಟ ಗೋಡೆ, ಬಾಗಿಲಿಲ್ಲದ ಶೌಚಾಲಯ ಎಲ್ಲವೂ ಆ ಏಳು ವಾರಗಳಲ್ಲಿ ಸರಿಯಾಗಬೇಕು. ಮೇ ಕೊನೆಯಲ್ಲಿ ಮಕ್ಕಳು ಮರಳುವಾಗ ಹೊಸ ಬಣ್ಣ, ಹೊಸ ಫಲಕ, ಹಾರ ತುರಾಯಿ, ಶಾಸಕರ ಭಾಷಣ. ನಮಗೆಲ್ಲ ಪರಿಚಿತವಾದ ದೃಶ್ಯವಿದು. ಆದರೆ ಆ ಬಣ್ಣದ ಹಿಂದಿರುವ ಕಾಂಕ್ರೀಟಿಗೆ ಎಷ್ಟು ದಿನ ವಯಸ್ಸಾಗಿದೆ ಎಂದು ಇಂಥ ಸಮಾರಂಭಗಳಲ್ಲಿ ಯಾರಾದರೂ ಕೇಳಿದ್ದನ್ನು ನಾವು ಕಂಡಿಲ್ಲ.

2025ರ ಜುಲೈ 25ರಂದು ರಾಜಸ್ತಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿಯ ಸರಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಸತ್ತರು. ಕುಸಿಯುವುದಕ್ಕೆ ಮುನ್ನ ಮೇಲಿನಿಂದ ಕಲ್ಲಿನ ಚೂರುಗಳು ಉದುರುತ್ತಿದ್ದವೆಂದೂ ಅದನ್ನು ಶಿಕ್ಷಕರಿಗೆ ತಿಳಿಸಿದ್ದೆವೆಂದೂ ಬದುಕುಳಿದ ಮಕ್ಕಳು ಹೇಳಿದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಕೆಲವು ದಿನ ಚರ್ಚೆ ನಡೆಯಿತು, ಅಮಾನತು ಆಯಿತು, ದೇಶದೆಲ್ಲೆಡೆ ಶಾಲಾ ಕಟ್ಟಡಗಳ ಪರಿಶೀಲನೆಗೆ ಸೂಚನೆ ಹೊರಟಿತು. ಅದು ಸರಕಾರಿ ಶಾಲೆ, ದುರಸ್ತಿ ಕಾಣದ ಕಟ್ಟಡ, ನಮ್ಮ ಆಡಳಿತ ಮಂಡಳಿಗಳ ಶಾಲೆಗಳು ಹಾಗಲ್ಲ ಎಂದು ಸಮಾಧಾನಪಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ. ನಿಜ, ನಮ್ಮ ಶಾಲೆಗಳಲ್ಲಿ ದುರಸ್ತಿ ನಡೆಯುತ್ತದೆ. ಆದರೆ ಅವಸರದಲ್ಲಿ ನಡೆಯುತ್ತದೆ. ದುರಸ್ತಿಯೇ ಆಗದ ಛಾವಣಿಗಿಂತ ಅವಸರದಲ್ಲಿ ಕಟ್ಟಿದ ಛಾವಣಿ ಹೆಚ್ಚು ಸುರಕ್ಷಿತ ಎಂದು ನಮಗೆ ಹೇಳಿದವರಾರು?

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಇತ್ತೀಚಿನ ವರ್ಷಗಳಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರ ವರೆಗೆ ಇದೆ. ಒಟ್ಟು 48 ದಿನ. ಹಳೆಯ ಹಂಚಿನ ಮಾಡು ಇಳಿಸಿ ತಾರಸಿ ಹಾಕಬೇಕೆಂಬುದು ಕರಾವಳಿಯ ಎಷ್ಟೋ ಶಾಲೆಗಳ ಕನಸು. ಹಂಚು, ರೀಪು, ಪಕ್ಕಾಸು ಕೆಳಗಿಳಿಸಿ, ಅವಶೇಷ ಸಾಗಿಸಿ, ಗೋಡೆಯ ನೆತ್ತಿಯನ್ನು ಸಮ ಮಾಡುವುದಕ್ಕೆ ಆರು ದಿನ ಬೇಕು. ಸೆಂಟ್ರಿಂಗ್ ನಿಲ್ಲಿಸಿ ಕಬ್ಬಿಣ ಕಟ್ಟುವುದಕ್ಕೆ ಹತ್ತು ದಿನ. ಎಲ್ಲವೂ ಸರಾಗವಾಗಿ ನಡೆದರೂ ಏಪ್ರಿಲ್ 27 ಅಥವಾ 28ಕ್ಕೆ ಮೊದಲು ಕಾಂಕ್ರೀಟ್ ಬೀಳುವುದಿಲ್ಲ. ಇಲ್ಲಿಂದ ಮುಂದೆ ಮನುಷ್ಯನ ಅವಸರಕ್ಕೆ ಬೆಲೆಯಿಲ್ಲ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದಲ್ಲಿ ಒಂದು ಸಂಹಿತೆಯಿದೆ, ಐ.ಎಸ್. 456 ಎಂದು ಅದರ ಹೆಸರು. ಅದರ ಪ್ರಕಾರ ನಾಲ್ಕೂವರೆ ಮೀಟರಿಗಿಂತ ಅಗಲವಾದ ಸ್ಲ್ಯಾಬಿನ ಅಡಿಯ ಆಧಾರದ ಕಂಬಗಳನ್ನು 14 ದಿನಗಳಿಗೆ ಮುನ್ನ ತೆಗೆಯಬಾರದು. 6 ಮೀಟರಿಗಿಂತ ಉದ್ದದ ಬೀಮುಗಳ ಅಡಿಯ ಕಂಬಗಳನ್ನು 21 ದಿನಗಳಿಗೆ ಮುನ್ನ ತೆಗೆಯಬಾರದು. ನಮ್ಮ ತರಗತಿ ಕೋಣೆಗಳ ಅಗಲ ಸಾಮಾನ್ಯವಾಗಿ 20 ಅಡಿ, ಅಂದರೆ 6 ಮೀಟರಿಗಿಂತ ತುಸು ಹೆಚ್ಚು. ಏಪ್ರಿಲ್ 28ಕ್ಕೆ 21 ಸೇರಿಸಿದರೆ ಮೇ 19 ಆಗುತ್ತದೆ. ಉಳಿದ ಒಂಬತ್ತು ದಿನಗಳಲ್ಲಿ ಸಾರಣೆ, ವಿದ್ಯುತ್ ತಂತಿ, ಕಿಟಕಿ ಬಾಗಿಲು, ಬಣ್ಣ!

ಅಷ್ಟಕ್ಕೂ ಆ 14 ಮತ್ತು 21 ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ ಕನಿಷ್ಠ ದಿನಗಳು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆಸಿದ ಪಿ.ಪಿ.ಸಿ. ಸಿಮೆಂಟು. ಅದು ಒಳ್ಳೆಯದೇ. ಆದರೆ ನಿಧಾನವಾಗಿ ಬಲಗೊಳ್ಳುತ್ತದೆ. ಸಾಮಾನ್ಯ ಸಿಮೆಂಟಿಗೆ 7 ದಿನ ನೀರುಣಿಸಿದರೆ ಸಾಕೆಂದಿರುವ ಅದೇ ಸಂಹಿತೆ ಇಂಥ ಸಿಮೆಂಟಿಗೆ ಕನಿಷ್ಠ 10 ದಿನ ಬೇಕೆಂದೂ 14 ದಿನ ಕೊಟ್ಟರೆ ಉತ್ತಮವೆಂದೂ ಹೇಳುತ್ತದೆ. ನೀರು ಎಲ್ಲಿಂದ? ಏಪ್ರಿಲ್‌-ಮೇಯಲ್ಲಿ ನಮ್ಮ ಪಟ್ಟಣಗಳ ಬಾವಿಗಳು ತಳ ಕಾಣುತ್ತವೆ, ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು. ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕಾದ ದಿನಗಳು ಮತ್ತು ಕುಡಿಯುವ ನೀರಿಗೆ ಟ್ಯಾಂಕರ್ ತರಿಸುವ ದಿನಗಳು ಒಂದೇ. ಎಸ್ಟಿಮೇಟಿನಲ್ಲಿ ಕಬ್ಬಿಣದ ಬೆಲೆಯಿರುತ್ತದೆ, ಗ್ರಾನೈಟಿನ ಬೆಲೆಯಿರುತ್ತದೆ. ಟ್ಯಾಂಕರಿನ ಬೆಲೆಯನ್ನು ಬರೆದಿಟ್ಟ ಎಸ್ಟಿಮೇಟನ್ನು ನಾವು ನೋಡಿದ್ದು ಅಪರೂಪ. ಒದ್ದೆ ಗೋಣಿಚೀಲ ಹೊದೆಸಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕಲು ಒಬ್ಬನನ್ನು ನೇಮಿಸಿದರೆ ಸಾಕಾಗುವ ಕೆಲಸವಿದು. ಆ ಒಬ್ಬನ ಕೂಲಿಯನ್ನು ಉಳಿಸುವುದರಲ್ಲಿ ನಮ್ಮ ಕೋಶಾಧಿಕಾರಿಗಳು ನಿಸ್ಸೀಮರು.

ಹೀಗಿರುವಾಗ ಆ 48 ದಿನಗಳೂ ನಮ್ಮ ಕೈಯಲ್ಲಿವೆಯೇ? ಅದೂ ಇಲ್ಲ. 2018ರ ವಿಧಾನಸಭಾ ಚುನಾವಣೆಯ ಮತದಾನ ಮೇ 12ರಂದು ನಡೆಯಿತು, 2023ರದ್ದು ಮೇ 10ರಂದು. ಲೋಕಸಭೆಗೆ 2019ರಲ್ಲಿ ಏಪ್ರಿಲ್ 18 ಮತ್ತು 23ರಂದು, 2024ರಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ನಾವು ಮತ ಹಾಕಿದೆವು. ಮತಗಟ್ಟೆಗಳೆಲ್ಲ ಬಹುಪಾಲು ಶಾಲೆಗಳೇ. ಮತಗಟ್ಟೆಯಾದ ಶಾಲೆಯ ಛಾವಣಿಯನ್ನು ಏಪ್ರಿಲಿನಲ್ಲಿ ಕಳಚಿಡುವಂತಿಲ್ಲ. ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳ ಪದ್ಧತಿ 2024ರಲ್ಲಿ ಬಂದ ಮೇಲೆ ಪರೀಕ್ಷಾ ಕೇಂದ್ರವಾಗಿರುವ ಶಾಲೆಗಳ ಬೇಸಿಗೆಯೂ ತುಂಡಾಗಿದೆ. 2025ರಲ್ಲಿ ಎರಡನೆಯ ಪರೀಕ್ಷೆ ಮೇ 26ಕ್ಕೇ ಆರಂಭವಾಯಿತು. ಇನ್ನು ಮಳೆ. ಜೂನ್ ಮೊದಲ ವಾರಕ್ಕೆ ಎಂದು ನಾವು ನಂಬಿಕೊಂಡು ಬಂದ ಮುಂಗಾರು 2025ರಲ್ಲಿ ಮೇ 24ರಂದೇ ಕೇರಳ ತಲುಪಿ, ಒಂದೆರಡು ದಿನಗಳಲ್ಲಿ ನಮ್ಮ ಕರಾವಳಿಯನ್ನೂ ಆವರಿಸಿತು. ಮಾಡು ಇಳಿಸಿದ ಕೋಣೆಗಳಲ್ಲಿ ಬೆಂಚುಗಳು ನೆನೆದದ್ದನ್ನು ಕಂಡವರಿಗೆ ಈ ಮಾತು ಹೆಚ್ಚು ವಿವರಿಸಬೇಕಾಗಿಲ್ಲ. ಕೆಲಸಗಾರರ ವಿಷಯವೂ ಹಾಗೆಯೇ. ಉತ್ತರ ಕರ್ನಾಟಕದಿಂದಲೋ ಬಿಹಾರ, ಬಂಗಾಳದಿಂದಲೋ ಬಂದವರು ಹಬ್ಬಕ್ಕೆ, ಮದುವೆಗೆ, ಮತ ಹಾಕುವುದಕ್ಕೆ ಊರಿಗೆ ಹೋಗುತ್ತಾರೆ. ಹೋಗಬಾರದೆಂದು ಹೇಳಲು ನಾವು ಯಾರು? ಅವರು ಇಲ್ಲದ ವಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದುದು ನಮ್ಮ ತಪ್ಪು.

ಸರಕಾರದ ಕಡೆಯ ಕತೆ ಇನ್ನೂ ವಿಚಿತ್ರ. ಮಾರ್ಚಿನಲ್ಲಿ ಬಜೆಟ್, ಅನಂತರ ಅನುಮೋದನೆ, ಟೆಂಡರ್, ಕಾರ್ಯಾದೇಶ. ಎಲ್ಲ ಮುಗಿದು ಗುತ್ತಿಗೆದಾರ ಗುದ್ದಲಿ ಎತ್ತುವಾಗ ಮಕ್ಕಳು ಪುಸ್ತಕ ಬಿಚ್ಚಿರುತ್ತಾರೆ, ಆಕಾಶ ಮಳೆ ಸುರಿಸುತ್ತಿರುತ್ತದೆ. 2022ರ ನವೆಂಬರಿನಲ್ಲಿ ಅಂದಿನ ರಾಜ್ಯ ಸರಕಾರ ವಿವೇಕ ಎಂಬ ಹೆಸರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ತರಗತಿ ಕೋಣೆಗಳನ್ನು ಕಟ್ಟುವ ಯೋಜನೆಗೆ ಚಾಲನೆ ನೀಡಿತು. ರಾಜ್ಯಕ್ಕೆ ಅಷ್ಟು ಕೋಣೆಗಳು ಬೇಕಿದ್ದವು, ಸಂಶಯವಿಲ್ಲ. ಆದರೆ ಚರ್ಚೆ ನಡೆದದ್ದು ಯಾವುದರ ಬಗ್ಗೆ? ಆ ಕೋಣೆಗಳಿಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಎಂಬುದರ ಬಗ್ಗೆ! ಸಚಿವರು ಬಣ್ಣವನ್ನು ಸಮರ್ಥಿಸಿದರು, ವಿರೋಧ ಪಕ್ಷಗಳು ಬಣ್ಣವನ್ನು ವಿರೋಧಿಸಿದವು, ನಾವೂ ಪುಟಗಟ್ಟಲೆ ಬರೆದೆವು. ಯಾವ ಕೋಣೆ ಯಾವ ತಿಂಗಳಲ್ಲಿ ಮುಗಿಯುತ್ತದೆ, ಅಲ್ಲಿಯ ವರೆಗೆ ಮಕ್ಕಳು ಎಲ್ಲಿ ಕೂರುತ್ತಾರೆ ಎಂದು ಕೇಳಿದವರು ಕಡಿಮೆ. ಬಣ್ಣದ ಬಗ್ಗೆ ಬರೆದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಬಣ್ಣದ ಬಗ್ಗೆ ಮಾತ್ರ ಬರೆದದ್ದು ತಪ್ಪು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಪಟ್ಟಣದಲ್ಲಿ ಸಮುದಾಯದ ಟ್ರಸ್ಟೊಂದು ನಡೆಸುತ್ತಿರುವ ಶಾಲೆಯ ನವೀಕರಣ ಸಮಿತಿಯಲ್ಲಿ ನಾವೂ ಇದ್ದೆವು. ಸಮಿತಿಯ ಮೊದಲ ಸಭೆ ಮಾರ್ಚಿನಲ್ಲಿ ಸೇರಿತು. ಮೊದಲ ತೀರ್ಮಾನವೇ ಉದ್ಘಾಟನೆಯ ದಿನಾಂಕ, ಮೇ 29. ಆ ದಿನ ಶಾಸಕರಿಗೆ ಬಿಡುವಿತ್ತು, ಗಲ್ಫಿನಿಂದ ಬರುವ ದಾನಿಗಳೂ ಊರಿನಲ್ಲಿರುತ್ತಿದ್ದರು. ಆಮಂತ್ರಣ ಪತ್ರಿಕೆಯ ಒಕ್ಕಣೆಯನ್ನು ಬರೆದುಕೊಟ್ಟವರು ನಾವೇ. ಬರೆಯುವವರೆಂಬ ಕಾರಣಕ್ಕೆ ಆ ಕೆಲಸ ನಮ್ಮ ಪಾಲಿಗೆ ಬಂದಿತ್ತು, ನಾವು ಸಂತೋಷದಿಂದಲೇ ಮಾಡಿದೆವು. ಗುತ್ತಿಗೆದಾರರ ದರಪಟ್ಟಿಗಳನ್ನು ತರಿಸಿ ಹೋಲಿಸಿ ಒಬ್ಬರನ್ನು ಆರಿಸುವ ಹೊತ್ತಿಗೆ ಏಪ್ರಿಲ್ ಬಂದಿತ್ತು. ಕೆಲಸ ಆರಂಭವಾದ ಮೇಲೆ ಮರಳಿನ ಲಾರಿ ಒಂದು ವಾರ ಬರಲಿಲ್ಲ. ನೆಲಕ್ಕೆ ಯಾವ ಟೈಲ್ಸ್ ಎಂಬ ಬಗ್ಗೆ ಎರಡು ಸಭೆಗಳು ನಡೆದವು. ಮೂರು ಕೋಣೆಗಳಿಗೆಂದು ತೀರ್ಮಾನಿಸಿದ್ದ ತಾರಸಿ ನಡುವೆ ಐದು ಕೋಣೆಗಳಿಗೆ ವಿಸ್ತರಿಸಿತು. ಒಬ್ಬ ದಾನಿ ಮುಂದೆ ಬಂದಿದ್ದರು, ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಕಾಂಕ್ರೀಟ್ ಬಿದ್ದದ್ದು ಮೇ 12ಕ್ಕೆ.

ಮೇ 24ರಂದು ಸಮಿತಿಯ ಅಧ್ಯಕ್ಷರು ಸ್ಥಳಕ್ಕೆ ಬಂದು, ಬಣ್ಣದವರು ನಾಳೆ ಬರುತ್ತಾರೆ, ಕಂಬಗಳನ್ನು ತೆಗೆದುಬಿಡಿ ಎಂದರು. ವಯಸ್ಸಾದ ಮೇಸ್ತ್ರಿ ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡರು. “ಹಾಜಿಯವರೇ, ಇದಕ್ಕೆ ಹನ್ನೆರಡು ದಿನ ಆಗಿದೆ ಅಷ್ಟೆ. ತೆಗೆಯಲೇಬೇಕು ಎಂದಾದರೆ ಬೇರೆಯವರ ಕೈಯಲ್ಲಿ ತೆಗೆಸಿ. ನಾನು ತೆಗೆಯುವುದಿಲ್ಲ.” ಅಧ್ಯಕ್ಷರಿಗೆ ಸಿಟ್ಟು ಬಂತು. ಅವರು ಕೆಟ್ಟ ಮನುಷ್ಯರಲ್ಲ. ಸ್ವಂತ ವ್ಯಾಪಾರ ಬಿಟ್ಟು ಎರಡು ತಿಂಗಳು ಬಿಸಿಲಲ್ಲಿ ಅಲೆದವರು, ಕೊರತೆಯಾದಾಗ ಕೈಯಿಂದ ಹಾಕಿದವರು. ಆದರೆ ಆಮಂತ್ರಣ ಪತ್ರಿಕೆ ಮನೆಮನೆಗೆ ತಲುಪಿತ್ತು. ಶಾಸಕರು ಬರುತ್ತಾರೆ, ಕೋಣೆಯ ತುಂಬ ಕಂಬಗಳು ನಿಂತಿದ್ದರೆ ಸಮುದಾಯದ ಮರ್ಯಾದೆ ಏನಾಗಬೇಕು ಎಂಬುದು ಅವರ ಚಿಂತೆ. ಮೇಸ್ತ್ರಿಯ ಚಿಂತೆ ಬೇರೆ. ಆ ಕೋಣೆಯಲ್ಲಿ ಕೂರಬೇಕಿದ್ದವರು ಎರಡನೆಯ ತರಗತಿಯ ಮಕ್ಕಳು.

ಇಂಥ ಹೊತ್ತಿನಲ್ಲಿ ಇಲ್ಲ ಎನ್ನುವ ಅಧಿಕಾರ ಯಾರಿಗಿರಬೇಕು ಎಂಬುದೇ ಇಡೀ ವಿಷಯದ ತಿರುಳು. ನಮ್ಮ ಸಮಿತಿಗಳಲ್ಲಿ ಹೌದು ಎನ್ನುವವರು ಹನ್ನೊಂದು ಮಂದಿ ಇರುತ್ತಾರೆ, ಇಲ್ಲ ಎನ್ನಬಲ್ಲವರು ಒಬ್ಬರೂ ಇರುವುದಿಲ್ಲ. ಇಂಜಿನಿಯರರ ಬಳಿ ನಕ್ಷೆ ಬರೆಸಿ, ಪುರಸಭೆಯ ಕಡತಕ್ಕೆ ಬೇಕಾದ ಸಹಿ ಪಡೆದು, ಅವರನ್ನು ಮನೆಗೆ ಕಳುಹಿಸುತ್ತೇವೆ. ಸ್ಥಳದಲ್ಲಿ ಉಸ್ತುವಾರಿಗೆ ಸಂಬಳ ಕೊಟ್ಟು ಯಾರನ್ನೂ ಇಡುವುದಿಲ್ಲ. ಸಮಿತಿಯ ಸದಸ್ಯರೇ ಸರದಿಯಂತೆ ಬಂದು, ಒಬ್ಬೊಬ್ಬರು ಒಂದೊಂದು ಹೇಳಿ ಹೋಗುತ್ತಾರೆ. ಬೆಳಗ್ಗೆ ಬಂದವರು ಕಿಟಕಿ ದೊಡ್ಡದಾಗಲಿ ಎನ್ನುತ್ತಾರೆ, ಸಂಜೆ ಬಂದವರು ಚಿಕ್ಕದಾಗಲಿ ಎನ್ನುತ್ತಾರೆ. ಇದು ಸೇವೆಯೆಂಬ ಭಾವನೆಯಿಂದಲೇ ನಡೆಯುತ್ತದೆ. ಆದರೆ ಕೆಲಸ ಮಾಡುವವನಿಗೆ ಹನ್ನೊಂದು ಯಜಮಾನರಿದ್ದರೆ 48 ದಿನ 30 ದಿನವಾಗುತ್ತದೆ. ಆದೇಶ ಕೊಡುವವರು ಒಬ್ಬರೇ ಆಗಿರಲಿ, ಅವರು ಕೊಟ್ಟ ಆದೇಶ ಒಂದು ಪುಸ್ತಕದಲ್ಲಿ ಬರಹದಲ್ಲಿರಲಿ. ಛಾವಣಿ, ಬೀಮು, ವಿದ್ಯುತ್ ಈ ಮೂರರ ವಿಷಯದಲ್ಲಿ ಇಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಕೋಣೆಗೆ ಮಕ್ಕಳನ್ನು ಬಿಡಬಾರದೆಂದು ಮೊದಲ ಸಭೆಯಲ್ಲೇ ಠರಾವು ಆಗಲಿ. ಅಧ್ಯಕ್ಷರೂ ಅದನ್ನು ಮೀರುವಂತಿರಬಾರದು.

ಶಾಲೆಯ ಮಾನ್ಯತೆ ನವೀಕರಣಕ್ಕೆ ಲೋಕೋಪಯೋಗಿ ಇಲಾಖೆಯ ಕಟ್ಟಡ ಸುರಕ್ಷತಾ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರ ಕೇಳುತ್ತಾರೆ. ಇದು ಕಿರುಕುಳವೆಂಬ ದೂರು ಆಡಳಿತ ಮಂಡಳಿಗಳಲ್ಲಿದೆ. ಕಚೇರಿಗಳಲ್ಲಿ ಅಲೆದಾಡಿಸುವುದು ಕಿರುಕುಳವೇ ಹೌದು. ಆದರೆ ಈ ನಿಯಮಗಳ ಹಿಂದೆ ಸಾವುಗಳಿವೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟು ಸತ್ತರು. ಅದರ ಹಿನ್ನೆಲೆಯಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 2009ರ ಏಪ್ರಿಲ್ 13ರಂದು ತೀರ್ಪಿತ್ತ ಸುಪ್ರೀಂ ಕೋರ್ಟು, ಸುರಕ್ಷಿತ ಶಾಲೆ ಎಂಬುದು ಶಿಕ್ಷಣದ ಹಕ್ಕಿನದ್ದೇ ಭಾಗ ಎಂದು ಹೇಳಿತು. ಐದು ವರ್ಷಗಳ ಬಳಿಕ, 2014ರಲ್ಲಿ, ಅದೇ ಕೋರ್ಟಿನ ಸಂವಿಧಾನ ಪೀಠ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದಿತು. ನಮ್ಮ ಮಂಡಳಿಗಳಿಗೆ ಎರಡನೆಯ ತೀರ್ಪು ಬಾಯಿಪಾಠವಾಗಿದೆ, ಮೊದಲನೆಯದು ನೆನಪಿಲ್ಲ. ನವೀಕರಣ ಅರ್ಧಕ್ಕೆ ನಿಂತಿರುವಾಗಲೇ ಶಾಲೆ ಆರಂಭಿಸಿ, ಹಲಗೆ, ಬಣ್ಣದ ಡಬ್ಬ, ಥಿನ್ನರ್ ಎಲ್ಲವನ್ನೂ ಮೆಟ್ಟಿಲಿನ ಕೆಳಗೆ ತುಂಬಿಸಿಡುವ ಶಾಲೆಗಳನ್ನು ನಾವು ನೋಡಿದ್ದೇವೆ. ಹಿಂದಿನ ಬಾಗಿಲಿಗೆ ಅಡ್ಡವಾಗಿ ಟೈಲ್ಸಿನ ಪೆಟ್ಟಿಗೆಗಳು. ಬೆಂಕಿ ಬಿದ್ದರೆ ಮಕ್ಕಳು ಎಲ್ಲಿಂದ ಹೊರಗೆ ಓಡಬೇಕು?

ಹಳೆಯ ಬಣ್ಣ ಕೆರೆಯುವ ಬಗ್ಗೆಯೂ ಒಂದು ಮಾತು. ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ಮಿತಿ ಹಾಕಿದ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಕಿಟಕಿ ಬಾಗಿಲುಗಳಿಗೆ ಬಳಿದ ಬಣ್ಣದ ಪುಡಿಯನ್ನು ಒಣಗಿದ ಪೊರಕೆಯಿಂದ ಗುಡಿಸಿ ಮೂಲೆಗೆ ತಳ್ಳುವುದಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕಲ್ನಾರಿನ ಶೀಟುಗಳನ್ನು ಒಡೆಯದೆ, ನೀರು ಚಿಮುಕಿಸಿ ಇಳಿಸಬೇಕು. ಇದಕ್ಕೆ ಹೆಚ್ಚು ಹಣ ಬೇಡ, ಅವಸರವಿಲ್ಲದ ಎರಡು ದಿನ ಬೇಕು.

ಹಾಗಾದರೆ ಏನು ಮಾಡಬೇಕು? ಬೇಸಿಗೆಯ ಕೆಲಸದ ಸಭೆ ಮಾರ್ಚಿನಲ್ಲಲ್ಲ, ಡಿಸೆಂಬರಿನಲ್ಲಿ ಸೇರಬೇಕು. ಜನವರಿಯಲ್ಲಿ ಗುತ್ತಿಗೆ, ಫೆಬ್ರವರಿಯಲ್ಲಿ ಕಿಟಕಿ ಬಾಗಿಲಿನ ಆರ್ಡರ್ ಮತ್ತು ಟೈಲ್ಸಿನ ಆಯ್ಕೆ, ಮಾರ್ಚಿನಲ್ಲಿ ಮರಳು, ಜಲ್ಲಿ, ಕಬ್ಬಿಣ ಅಂಗಳಕ್ಕೆ. ಹೀಗಾದರೆ ಏಪ್ರಿಲ್ 11ರ ಬೆಳಗ್ಗೆ ಹಂಚು ಇಳಿಸುವವರು ಮಾಡು ಹತ್ತಬಹುದು. ಹಣ ಪೂರ್ತಿ ಕೂಡಿಬರದಿದ್ದರೆ ದಿನಗಳನ್ನು ಕಡಿತ ಮಾಡಬಾರದು, ಕೋಣೆಗಳನ್ನು ಕಡಿತ ಮಾಡಬೇಕು. ಐದರ ಬದಲು ಎರಡು ಕೋಣೆ ಈ ವರ್ಷ, ಉಳಿದವು ಮುಂದಿನ ವರ್ಷ. ದಾನಿಗಳಿಗೆ ಇದನ್ನು ವಿವರಿಸಿದರೆ ಅವರಿಗೆ ಅರ್ಥವಾಗುವುದಿಲ್ಲವೆಂದು ನಾವೇಕೆ ಭಾವಿಸಬೇಕು? ಅವರೂ ತಂದೆ ತಾಯಂದಿರು.

ಮೊದಲು ಯಾವುದು ಎಂಬುದರಲ್ಲೂ ನಮಗೆ ಗೊಂದಲವಿದೆ. ಗೇಟಿನ ಕಮಾನು ಮೊದಲು, ಕಚೇರಿ ಕೋಣೆಯ ಪಿ.ಓ.ಪಿ. ಮೊದಲು, ಶೌಚಾಲಯ ಕೊನೆಗೆ. ಕೊನೆಗೆ ಎಂದರೆ ಮೇ ಕೊನೆಗೆ, ಅಂದರೆ ಅರ್ಧಕ್ಕೆ. ಹಳೆಯದನ್ನು ಒಡೆದಾಗಿರುತ್ತದೆ, ಹೊಸದಕ್ಕೆ ಬಾಗಿಲು ಬಂದಿರುವುದಿಲ್ಲ. ಗಂಡು ಮಕ್ಕಳು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಎಂಟನೆಯ, ಒಂಬತ್ತನೆಯ ತರಗತಿಯ ನಮ್ಮ ಹೆಣ್ಣು ಮಕ್ಕಳು ಬೆಳಗ್ಗೆ ಮನೆಯಿಂದ ಹೊರಟ ಮೇಲೆ ಒಂದು ಗುಟುಕು ನೀರು ಕುಡಿಯದೆ ಸಂಜೆಯ ವರೆಗೆ ಕೂರುತ್ತಾರೆ, ಕೆಲವರು ತಿಂಗಳಲ್ಲಿ ನಾಲ್ಕು ದಿನ ಬರುವುದೇ ಇಲ್ಲ. ಅವರಲ್ಲಿ ಯಾರೂ ಸಮಿತಿಯ ಸಭೆಗೆ ಬಂದು ದೂರು ಹೇಳುವುದಿಲ್ಲ. ಅವರ ತಾಯಂದಿರಿಗೆ ಆ ಸಭೆಯಲ್ಲಿ ಕುರ್ಚಿಯೂ ಇಲ್ಲ. ಒಬ್ಬಿಬ್ಬರು ತಾಯಂದಿರು, ಒಬ್ಬ ಶಿಕ್ಷಕಿ ಸಮಿತಿಯಲ್ಲಿದ್ದಿದ್ದರೆ ಶೌಚಾಲಯ ಪಟ್ಟಿಯ ಕೊನೆಯಲ್ಲಿರುತ್ತಿತ್ತೇ?

ಇಷ್ಟೆಲ್ಲ ಮಾಡಿಯೂ ಕೆಲಸ ಮುಗಿಯದಿರಬಹುದು. ಆಗ ಬೀಗ ಹಾಕಿದ ಕೋಣೆ ಅವಮಾನವಲ್ಲ. ಮಕ್ಕಳನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಉತ್ತರವೂ ಇದೆ. ಕರಾವಳಿಯಲ್ಲಿ ಮದ್ರಸ ನಡೆಯುವುದು ಮುಂಜಾನೆ, ಮಕ್ಕಳು ಶಾಲೆಗೆ ಹೊರಡುವ ಮುನ್ನ. ಆ ಬಳಿಕ ಬೆಂಚು, ಬೋರ್ಡು, ಫ್ಯಾನ್ ಎಲ್ಲ ಇರುವ ಆ ಕಟ್ಟಡಗಳು ಸಂಜೆಯ ವರೆಗೆ ಖಾಲಿ. ನಾವು ಓದಿದ ಮದ್ರಸದಲ್ಲೂ ಒಂಬತ್ತರ ನಂತರ ಗುಬ್ಬಚ್ಚಿಗಳದ್ದೇ ರಾಜ್ಯ. ಮೂರು ವಾರ ಎರಡನೆಯ ತರಗತಿ ಅಲ್ಲಿ ನಡೆದರೆ ಯಾರಿಗೆ ನಷ್ಟ? ಶಾದಿ ಮಹಲುಗಳೂ ಬಹಳಷ್ಟು ವಾರದ ದಿನಗಳಲ್ಲಿ ಖಾಲಿಯೇ. ಮಸೀದಿಯ ಆಡಳಿತ ಸಮಿತಿಗೂ ಶಾಲೆಯ ಸಮಿತಿಗೂ ಮಾತುಕತೆಯಿಲ್ಲದ ಊರುಗಳಲ್ಲಿ ಮಾತ್ರ ಇದು ಕಷ್ಟ. ಅಂಥ ಊರುಗಳ ಪಟ್ಟಿ ನಮ್ಮಲ್ಲಿದೆ, ಇಲ್ಲಿ ಬೇಡ.

ಆ ಶಾಲೆಯಲ್ಲಿ ಏನಾಯಿತೆಂದು ಓದುಗರು ಕೇಳಬಹುದು. ಮೇಸ್ತ್ರಿ ಕಂಬ ತೆಗೆಯಲಿಲ್ಲ. ಅದೇ ಶಾಲೆಯಲ್ಲಿ ಕಲಿತು ಇಂಜಿನಿಯರ್ ಆದ ಯುವಕನೊಬ್ಬನನ್ನು ಕರೆಸಿದೆವು. ಅವನು ದಿನ ಎಣಿಸಿ, ಜೂನ್ 2ಕ್ಕೆ ಮುನ್ನ ಮುಟ್ಟಬೇಡಿ ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದ. ಆ ರಾತ್ರಿಯ ಸಭೆ ಹನ್ನೆರಡು ಗಂಟೆಯ ವರೆಗೆ ನಡೆಯಿತು. ಒಬ್ಬರು ರಾಜೀನಾಮೆಯ ಮಾತಾಡಿದರು. ಮೇ 29ರಂದು ಅಂಗಳದಲ್ಲಿ ಶಾಮಿಯಾನ ಹಾಕಿ ಸಮಾರಂಭ ನಡೆಯಿತು. ಶಾಸಕರು ಬಂದರು, ಮುಚ್ಚಿದ ಬಾಗಿಲಿನ ಮುಂದೆಯೇ ಪರದೆ ಎಳೆದರು, ಕಂಬಗಳನ್ನು ಅವರು ನೋಡಿದರೋ ಇಲ್ಲವೋ ತಿಳಿಯದು. ಮಕ್ಕಳು ಎರಡೂವರೆ ವಾರ ಪಕ್ಕದ ಮದ್ರಸದಲ್ಲಿ ಕೂತರು. ಕೋಣೆಗಳ ಬೀಗ ತೆರೆದದ್ದು ಜೂನ್ 16ಕ್ಕೆ, ಯಾವ ಭಾಷಣವೂ ಇಲ್ಲದೆ. ಗೋಡೆಯ ಮೇಲಿನ ಗ್ರಾನೈಟ್ ಫಲಕದಲ್ಲಿ ಈಗಲೂ ಮೇ 29 ಎಂದೇ ಇದೆ. ಮೇಸ್ತ್ರಿಯ ಹೆಸರು ಅದರಲ್ಲಿಲ್ಲ.